ತರುಣರ ಓದು ಮತ್ತು ಕನ್ನಡದ ಕಪಾಟು

ನಮ್ಮ ತರುಣ ತರುಣಿಯರು ರಕ್ತಪಿಶಾಚಿಗಳ ಪ್ರಣಯವನ್ನೂ, ತೋಳವಾಗಿ ಮಾರ್ಪಡುವ ಯುವಕರ ವಿರಹವನ್ನೂ ವರ್ಣಿಸುವ ಇಂಗ್ಲಿಷ್ ಕಾದಂಬರಿಗಳನ್ನು ಹಗಲಿರುಳೆನ್ನದೆ ಓದುತ್ತಿರುವರೆಂದು ತಂದೆತಾಯಿಗಳೂ ಉಪಾಧ್ಯಾಯರೂ ಪೇಚಾಡುವುದುಂಟು. ಅಮೆರಿಕದ ಸ್ಟೆಫನಿ ಮೇಯರ್ ಎಂಬಾಕೆ 2005ರಲ್ಲಿ ಪ್ರಕಟಿಸಿದ ‘ಟ್ವೈಲೈಟ್’ ಮತ್ತು ಅದರ ಮುಂದಿನ ಸಂಪುಟಗಳ ಹತ್ತು ಕೋಟಿಗೂ ಮಿಕ್ಕ ಪ್ರತಿಗಳು ಮಾರಾಟವಾದುವು. ಅಂದಿನಿಂದ ಈ ಜಾತಿಯ ಗ್ರಂಥಗಳ ಪ್ರವಾಹವೇ ಹರಿದಿದೆ. ಈ ಪೇಚಾಟದಲ್ಲಿ ನಾವು ದನಿಗೂಡಿಸಲಾರೆವು. ಹದಿನಾರರ ಹುಡುಗಿಯೊಬ್ಬಳು ಐನೂರು ಪುಟಗಳ ಪುಸ್ತಕವನ್ನು ಮೂರು ದಿನಗಳಲ್ಲಿ ಮುಗಿಸಿದಳೆಂದರೆ ಸಂತೋಷಪಡತಕ್ಕದ್ದೇ ಸರಿ. ಆ ಪುಸ್ತಕ ಕನ್ನಡದ್ದಲ್ಲವೆಂಬುದು ಮಾತ್ರ ನಮ್ಮನ್ನು ಚುಚ್ಚುತ್ತದೆ.

ಇದೆಲ್ಲ ಪರದೇಶದ ಹುಚ್ಚೆಂದು ಜರೆಯುವ ಮಹನೀಯರು ತಮ್ಮ ಬಾಯಲ್ಲಿರುವ ‘ಕಾದಂಬರಿ’ ಎಂಬ ಶಬ್ದ ಎಲ್ಲಿಂದ ಬಂದಿತೆಂಬುದನ್ನು ಸ್ವಲ್ಪ ವಿಚಾರಿಸಲಿ. ಏಳನೆಯ ಶತಮಾನದ ಬಾಣಭಟ್ಟನ ಗದ್ಯಕಾವ್ಯದ ಹೆಸರು ಅದು. ಅದರ ನಾಯಿಕೆ ಗಂಧರ್ವಕನ್ಯೆ. ನಾಯಕನು ಶಾಪದಿಂದ ಭೂಮಿಗಿಳಿದ ಚಂದ್ರ. ಅವನು ಸತ್ತರೂ ಶರೀರ ಕೆಡದೆ ಉಳಿಯುತ್ತದೆ, ಅವಳು ಕಾದಿರುತ್ತಾಳೆ. ಇನ್ನೊಬ್ಬ ಪ್ರಣಯಿ ಗಿಳಿಯಾಗಿ ಹುಟ್ಟುತ್ತಾನೆ. ಇದನ್ನು ಕನ್ನಡಿಸಿದವನು ನಾಗವರ್ಮ. ನೇಮಿಚಂದ್ರನ ‘ಲೀಲಾವತಿ’ಯಲ್ಲಿಯೂ ಪ್ರಣಯಿಗಳು ಪರಸ್ಪರ ಕಾಣುವುದು ಮೊದಲು ಕನಸಿನಲ್ಲಿಯೇ.

ಇವು ಪಂಡಿತರ ಗ್ರಂಥಗಳೆಂದು ಯಾರಾದರೂ ಆಕ್ಷೇಪಿಸಿದರೆ, ಅವರು ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ದಾರಿಯಲ್ಲಿ, ತಮಿಳುನಾಡಿನ ಗಡಿಗೆ ಹತ್ತಿರದ ಪುಣಜನೂರಿನವರೆಗೆ ಬರಲಿ. ಅಲ್ಲಿನ ಕಾಡು ಬಿಳಿಗಿರಿರಂಗನ ಬೆಟ್ಟದ ಸೀಮೆ, ಸೋಲಿಗರ ನೆಲೆ. ಬೆಟ್ಟದ ರಂಗನಾಥನು ಸೋಲಿಗರ ಹೆಣ್ಣು ಕುಸುಮಾಲೆಗೆ ಮನಸೋತು ಅವಳನ್ನು ವರಿಸಿದನೆಂದು ಅವರು ಹಾಡುತ್ತಾರೆ. ಆದುದರಿಂದಲೇ ಅವರ ಪಾಲಿಗೆ ದೇವರು ಕೇವಲ ದೇವರಲ್ಲ, ‘ರಂಗಭಾವ’! ಆ ದೇವರು ಕಾಡಿನಲ್ಲಿ ಸಂಚರಿಸಿ ಪಾದರಕ್ಷೆಗಳನ್ನು ಸವೆಸುವನೆಂಬ ನಂಬಿಕೆಯಿಂದ ಬೂದಿತಿಟ್ಟಿನ ಭಕ್ತರು ಎರಡು ವರ್ಷಕ್ಕೊಮ್ಮೆ ಭಾರಿ ಗಾತ್ರದ ಹೊಸ ಜೋಡು ಅರ್ಪಿಸುವ ಪದ್ಧತಿಯಿದೆ. ಸ್ವರ್ಗದವನು ಕಾಡಿನ ಹೆಣ್ಣಿಗೆ ಒಲಿದು ಅವಳ ಕುಲದ ನೆಂಟನಾಗುವ ಕಥೆಗಿಂತ ಮಿಗಿಲಾದ ಯಾವುದನ್ನು ಅಮೆರಿಕದವರು ನಮಗೆ ಮಾರುತ್ತಿದ್ದಾರೆ? ಆದರೆ ಈ ಹಾಡುಗಳು ಅಚ್ಚಿಗೆ ಬಂದಾಗ ಪೀಠಿಕೆ, ಪಾಠಾಂತರ, ಅಡಿಟಿಪ್ಪಣಿಗಳೊಡನೆ ಬರುತ್ತವೆ. ಹದಿನಾಲ್ಕು ವರ್ಷದ ಮಗು ಅದನ್ನು ತೆರೆದು ಒಡನೆ ಮುಚ್ಚುತ್ತದೆ; ತಪ್ಪು ಮಗುವಿನದಲ್ಲ.

ಹೊರಗಿನಿಂದ ಬಂದುದೆಲ್ಲ ಚೆನ್ನೆಂದು ನಾವು ಹೇಳುತ್ತಿಲ್ಲ. ‘ಟ್ವೈಲೈಟ್’ನ ನಾಯಕ ರಾತ್ರಿ ಹುಡುಗಿಯ ಕೋಣೆಗೆ ಹೇಳದೆ ಕೇಳದೆ ನುಗ್ಗಿ, ಅವಳು ನಿದ್ರಿಸುವುದನ್ನು ನೋಡುತ್ತ ಕೂರುತ್ತಾನೆ, ಅದನ್ನು ಗಾಢಾನುರಾಗವೆಂದು ಬಣ್ಣಿಸಲಾಗಿದೆ. ನಮ್ಮ ಹೆಣ್ಣುಮಕ್ಕಳು ಇದನ್ನು ಪ್ರೇಮದ ಲಕ್ಷಣವೆಂದು ತಿಳಿಯುವುದು ನಮಗೆ ಒಪ್ಪಿಗೆಯಿಲ್ಲ. ಗಿರೀಶ ಕಾರ್ನಾಡರು ಜನಪದ ಕಥೆಯಿಂದ ಕಟ್ಟಿದ ‘ನಾಗಮಂಡಲ’ದಲ್ಲಿಯೂ (1988) ನಾಗರ ಹಾವು ಗಂಡನ ರೂಪದಲ್ಲಿ ರಾತ್ರಿಯೇ ಬರುತ್ತದೆ, ಮೋಸವೇ ಮಾಡುತ್ತದೆ. ಆದರೆ ಅಲ್ಲಿ ಹುತ್ತಕ್ಕೆ ಕೈಯಿಕ್ಕಿ, ಹಾವನ್ನು ಹಿಡಿದು, ಊರ ಪಂಚರ ಮುಂದೆ ಪ್ರಮಾಣ ಮಾಡುವವಳು ರಾಣಿ. ಇಂತಹ ತಾರತಮ್ಯವನ್ನು ಅರಿಯಬೇಕಾದರೆ ಮಗುವಿನ ಕೈಯಲ್ಲಿ ಎರಡು ಬಗೆಯ ಪುಸ್ತಕಗಳೂ ಇರಬೇಕಷ್ಟೆ. ಒಂದನ್ನು ಕಿತ್ತುಕೊಂಡು ಬರಿಗೈ ಉಳಿಸುವುದರಿಂದ ಏನು ಪ್ರಯೋಜನ? 1921ರಲ್ಲಿ ವಿದೇಶೀ ವಸ್ತ್ರಕ್ಕೆ ಬೆಂಕಿಯಿಟ್ಟವರು ಮನೆಮನೆಯಲ್ಲಿ ರಾಟೆಯನ್ನೂ ತಿರುಗಿಸಿದರು.

ಆ ರಾಟೆ ಕನ್ನಡದಲ್ಲಿ ತಿರುಗದೆ ಇರಲಿಲ್ಲ. ಬಿ. ವೆಂಕಟಾಚಾರ್ಯರು ಬಂಗಾಳಿಯಿಂದ ಕಾದಂಬರಿಗಳನ್ನು ತಂದು ಓದುಗರನ್ನು ಸೃಷ್ಟಿಸಿದರು. ಗಳಗನಾಥರು ಪುಸ್ತಕದ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಂದಲೇ ಓದುವ ಚಟ ಹಿಡಿದವರು ಎಷ್ಟೋ ಮಂದಿ. ಆಗಲೂ ಮೂಗು ಮುರಿದವರಿದ್ದರು. ಈಗ ಬಾಲರಿಗೆ ನರಿ ಮೊಲಗಳ ಕಥೆಯುಂಟು, ಪ್ರೌಢರಿಗೆ ಕಾರಂತರೂ ಭೈರಪ್ಪನವರೂ ಉಂಟು. ನಡುವಣ ಐದಾರು ವರ್ಷಗಳ ಕಪಾಟು ಬಹಳ ತೆಳುವು. ಓದುಗನನ್ನು ಕನ್ನಡ ಕಳೆದುಕೊಳ್ಳುವುದು ಆ ವಯಸ್ಸಿನಲ್ಲಿಯೇ.

1965ರ ಕಾಯಿದೆಯಂತೆ ಮಹಾಜನರು ಗ್ರಂಥಾಲಯ ಕರವನ್ನು ತೆರುತ್ತಿದ್ದಾರೆ. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದುವು. 2020ರ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಆರರಿಂದ ಹದಿನೆಂಟು ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವನ್ನೂ ಸಾರಲಾಯಿತು. ಸದಸ್ಯರಾದ ಮಕ್ಕಳಿಗೆ ಓದಲು ಏನಿದೆ? ಸರ್ಕಾರವು ಪುಸ್ತಕ ಕೊಳ್ಳುವಾಗ ಹದಿಮೂರರಿಂದ ಹದಿನೆಂಟರವರಿಗೆಂದೇ ಒಂದು ಪಾಲನ್ನು ಮೀಸಲಿಡಲಿ. ಕೊಳ್ಳುವರೆಂಬ ಭರವಸೆಯಿದ್ದರೆ ಪ್ರಕಾಶಕರು ಹಿಂಜರಿಯಲಾರರು. ರಂಗಭಾವ-ಕುಸುಮಾಲೆಯರ ಕಥೆಯನ್ನು ಹೊಸ ಕಾದಂಬರಿಯಾಗಿ ಬರೆಯಿಸುವುದಾದರೆ, ಅದನ್ನು ಮೊದಲು ಬರೆಯುವ ಅವಕಾಶ ಓದು ಕಲಿತ ಸೋಲಿಗ ತರುಣ ತರುಣಿಯರಿಗೇ ದೊರೆಯಲಿ, ಸಂಭಾವನೆಯೂ ಅವರಿಗೇ ಸಲ್ಲಲಿ.