ನಿಂತ ನೀರು, ಕೊಳೆತ ಬೇರು

ಅರಸಿನದ ವ್ಯಾಪಾರಕ್ಕೆ ಸಾಂಗ್ಲಿ ಹೆಸರಾದ ಪೇಟೆ. 2018ರಲ್ಲಿ ಅಲ್ಲಿಯ ಅರಸಿನಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಆದರೆ ಈ ಹೆಸರನ್ನು ಉಳಿಸಬೇಕಾದುದು ಪೇಟೆಯಲ್ಲ, ಸಾಂಗ್ಲಿ-ಮಿರಜಗಳ ಕಪ್ಪು ಮಣ್ಣು. ಅಲ್ಲಿಯ ಬೆಳೆಗಾರನ ನಿದ್ದೆ ಕೆಡಿಸುವುದು ಗಡ್ಡೆ ಕೊಳೆರೋಗ. ಎಲೆಯ ಅಂಚು ಹಳದಿಗಟ್ಟಿ ಒಣಗುತ್ತದೆ. ಗಿಡದ ಬುಡ ಮೆತ್ತಗಾಗುತ್ತದೆ. ಅಗೆದು ನೋಡಿದರೆ ಬೇರೂ ಗಡ್ಡೆಯೂ ಕೊಳೆತಿರುತ್ತವೆ. ರೋಗ ಕಣ್ಣಿಗೆ ಬೀಳುವಷ್ಟರಲ್ಲಿ ಕಾಲ ಮಿಂಚಿರುತ್ತದೆ.

ಇದಕ್ಕೆ ಮುಖ್ಯ ಕಾರಣ ಪಿಥಿಯಂ ಎಂಬ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿ. ಅದು ಮಣ್ಣಿನಲ್ಲೂ ಬಿತ್ತನೆಯ ಗಡ್ಡೆಯಲ್ಲೂ ಅಡಗಿರುತ್ತದೆ. ಅದರ ಬೀಜಾಣುಗಳು ನೀರಿನಲ್ಲಿ ಈಜಿ ಬೇರನ್ನು ಸೇರುತ್ತವೆ. ಕಪ್ಪು ಮಣ್ಣು ನೆನೆದಾಗ ಉಬ್ಬಿ, ನೀರು ಬಸಿಯುವ ದಾರಿಯನ್ನೇ ಮುಚ್ಚುತ್ತದೆ; ಗಾಳಿಯಾಡದೆ ಬೇರು ಸೊರಗುತ್ತದೆ. ರೋಗಾಣುವಿಗೆ ದಾರಿ ಮಾಡಿಕೊಡುವುದೂ ಬೇರಿನ ಶಕ್ತಿ ಕುಂದಿಸುವುದೂ ನಿಂತ ನೀರೇ. ಕೃಷ್ಣಾ ತೀರದಲ್ಲಿ ಮಿತಿಮೀರಿದ ನೀರಾವರಿಯಿಂದ ಜವುಳಾಗಿ ಉಪ್ಪುಗಟ್ಟಿದ ಹೊಲಗಳೂ ಇವೆ. 2005, 2019 ಮತ್ತು 2021ರ ನೆರೆಗಳು ಈ ಸಂಕಟವನ್ನು ಇನ್ನಷ್ಟು ಹೆಚ್ಚಿಸಿದವು.

ಆದುದರಿಂದ ರೋಗ ಬಂದ ಮೇಲೆ ಔಷಧದ ಅಂಗಡಿಗೆ ಓಡುವುದಕ್ಕಿಂತ ಮೊದಲೇ ನೀರಿಗೆ ದಾರಿ ಮಾಡುವುದು ಜಾಣತನ. ಎತ್ತರದ ಮಡಿ, ಆಳವಾದ ಬಸಿಗಾಲುವೆ, ಬೆಳೆ ಬದಲಾವಣೆ, ರೋಗವಿಲ್ಲದ ಬಿತ್ತನೆ ಗಡ್ಡೆ ಇವೇ ಮೊದಲ ಮದ್ದು. ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೊಜೆಬ್ ಬೆರೆಸಿ ಗಡ್ಡೆಯನ್ನು 30 ನಿಮಿಷ ಅದ್ದಿ ನೆಡುವುದು, ಗೊಬ್ಬರದೊಡನೆ ಟ್ರೈಕೋಡರ್ಮಾ ಕೊಡುವುದು ಅನಂತರದ ಮಾತು. ಆದರೆ ಒಬ್ಬನ ಹೊಲದಿಂದ ಬಸಿದ ನೀರು ನೆರೆಯವನ ಹೊಲದಲ್ಲಿ ನಿಂತರೆ ಫಲವೇನು? ಸಾಮೂಹಿಕ ಬಸಿಗಾಲುವೆ ಒಬ್ಬ ರೈತನಿಂದ ಆಗುವ ಕೆಲಸವಲ್ಲ. ಊರೂ ಸರಕಾರವೂ ಕೈಜೋಡಿಸಲೇಬೇಕು.

ನಮ್ಮ ಓದುಗರಿಗೆ ಇದು ದೂರದೂರಿನ ಸುದ್ದಿಯಲ್ಲ. ಆಟಿಯ ಮಳೆಗೆ ನಮ್ಮ ತೋಟಗಳಲ್ಲಿ ಕರಿಮೆಣಸಿನ ಬಳ್ಳಿ ಬುಡ ಕೊಳೆತು ದಿಢೀರನೆ ಸೊರಗುವುದು ಪಿಥಿಯಂನ ದಾಯಾದಿ ಫೈಟೋಫ್ತೊರಾದಿಂದ. ಅಲ್ಲಿ ಕಪ್ಪು ಮಣ್ಣು, ಇಲ್ಲಿ ಕೆಂಪು. ಪಾಠ ಮಾತ್ರ ಒಂದೇ. ತೋಡಿನಲ್ಲಿ ಹೂಳು ತುಂಬಿದರೆ ನೀರು ತೋಟದಲ್ಲಿ ನಿಲ್ಲುತ್ತದೆ. ಪಂಚಾಯತುಗಳು ಮಳೆಗಾಲಕ್ಕೆ ಮುನ್ನವೇ ಹೂಳೆತ್ತಿಸಲಿ. ಕೃಷಿ ಭವನಗಳು ರೋಗದ ಕುರಿತ ಸಲಹೆಗಳನ್ನು ಕನ್ನಡದಲ್ಲಿಯೂ ಹೊತ್ತಿಗೆ ಸರಿಯಾಗಿ ತಲಪಿಸಲಿ. ಓದಿ ತಿಳಿಯಲಾಗದ ಸಲಹೆಯಿಂದ ಯಾವ ಬಳ್ಳಿಯೂ ಉಳಿಯದು.