ಮನೆಯ ಪಾಠಕ್ಕೂ ಗಂಟೆಯ ಲೆಕ್ಕವಿರಲಿ

ಒಂದರಿಂದ ಐದನೇ ತರಗತಿಯವರೆಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ಆರರಿಂದ ಎಂಟನೇ ತರಗತಿಗೆ 220 ದಿನ, 1,000 ಗಂಟೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಇದನ್ನು ಖಚಿತವಾಗಿ ಹೇಳುತ್ತದೆ. 2012ರಲ್ಲಿ ಇದೇ ಕಾಯ್ದೆಗೆ ತಿದ್ದುಪಡಿ ತಂದು, ಬಹುವಿಧ ಅಥವಾ ತೀವ್ರ ಅಂಗವೈಕಲ್ಯವಿರುವ ಮಕ್ಕಳು ಗೃಹಾಧಾರಿತ ಶಿಕ್ಷಣವನ್ನು ಆಯ್ದುಕೊಳ್ಳಬಹುದು ಎಂದು ಸೇರಿಸಲಾಯಿತು. ಆದರೆ ಮನೆಯಲ್ಲಿ ಎಷ್ಟು ಗಂಟೆ ಪಾಠವಾಗಬೇಕು, ಕಲಿಸುವವರು ವಾರಕ್ಕೆ ಎಷ್ಟು ಸಲ ಬರಬೇಕು ಎಂಬ ಬಗ್ಗೆ ಕಾಯ್ದೆ ಮೌನವಾಗಿದೆ. ವಿಶೇಷ ಶಿಕ್ಷಕರೋ ಸ್ವಯಂಸೇವಕರೋ ವಾರಕ್ಕೊಮ್ಮೆ ಬಂದು ಎರಡು ಗಂಟೆ ಕೂತರು ಎಂದೇ ಇಟ್ಟುಕೊಳ್ಳೋಣ. ಒಂದು ವಾರವೂ ತಪ್ಪದೆ ನಲವತ್ತು ವಾರ ಬಂದರೂ ಲೆಕ್ಕ ಎಂಬತ್ತು ಗಂಟೆ ದಾಟದು. ಓರಗೆಯ ಮಕ್ಕಳಿಗೆ ಸಿಗುವುದರಲ್ಲಿ ಹತ್ತರಲ್ಲೊಂದು ಪಾಲು ಅದು. ಹಾಜರಿ ಪುಸ್ತಕದಲ್ಲಿ ಮಾತ್ರ ಇಬ್ಬರ ಹೆಸರೂ ಒಂದೇ ಪುಟದಲ್ಲಿರುತ್ತದೆ. ಮನೆಯಲ್ಲಿ ಕಲಿಯುವ ಹಕ್ಕನ್ನು ಕೊಟ್ಟ ಮೇಲೆ ಅದರ ಅಳತೆಯನ್ನೂ ಗೊತ್ತುಮಾಡಬೇಕಿತ್ತು. ಆ ಕೆಲಸ ಇನ್ನೂ ಬಾಕಿ ಇದೆ.

ಕಾಯ್ದೆ ಬಳಸುವ ‘ಆಯ್ಕೆ’ ಎಂಬ ಮಾತನ್ನು ನಂಬಬೇಕಾದರೆ ಇನ್ನೊಂದು ಬಾಗಿಲೂ ತೆರೆದಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ, ನಿಗದಿತ ಪ್ರಮಾಣದ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಪ್ರತಿ ಮಗುವಿಗೂ ನೆರೆಯ ಶಾಲೆಯಲ್ಲಿ ಅಥವಾ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಸಿಗಬೇಕು. ಎಲ್ಲಿ ಕಲಿಯಬೇಕೆಂಬುದು ಮಗುವಿನ ಇಷ್ಟ. ಗಾಲಿಕುರ್ಚಿ ಒಳಗೆ ಹೋಗದ ಶೌಚಾಲಯ, ಹತ್ತಲಾಗದ ಮೆಟ್ಟಿಲು, ಮಗುವನ್ನು ಎತ್ತಿ ಕೂರಿಸಲು ಯಾರೂ ಇಲ್ಲದ ಆಟೊ, ವಿಶೇಷ ಶಿಕ್ಷಕರೇ ಇಲ್ಲದ ತರಗತಿ: ಇಷ್ಟನ್ನು ಎದುರಿಗಿಟ್ಟು ‘ನಿಮ್ಮಿಷ್ಟ’ ಎಂದರೆ ತಂದೆತಾಯಿ ಮನೆಯನ್ನಲ್ಲದೆ ಮತ್ತೇನನ್ನು ಆರಿಸಿಯಾರು? ಮೈನೆರೆದ ಹೆಣ್ಣುಮಗಳ ವಿಷಯದಲ್ಲಂತೂ ಶೌಚಾಲಯ ಒಂದೇ ಸಾಕು ತೀರ್ಮಾನ ಮಾಡಲು. ಸುಪ್ರೀಂ ಕೋರ್ಟ್ 2021ರಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, ಸಾಮಾನ್ಯ ಶಾಲೆಗಳಲ್ಲಿ ಇಂತಹ ಎಷ್ಟು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂಬ ಅನುಪಾತವನ್ನು ಕೇಂದ್ರ ಸರ್ಕಾರ ಕೂಡಲೇ ಗೊತ್ತುಪಡಿಸಬೇಕು ಎಂದು ಆದೇಶಿಸಿತು. ಶಿಕ್ಷಣ ಹಕ್ಕು ಕಾಯ್ದೆ ಬಂದು ಹನ್ನೆರಡು ವರ್ಷವಾದ ಮೇಲೂ ಶಿಕ್ಷಕರ ಸಂಖ್ಯೆಗಾಗಿ ಕೋರ್ಟು ಮೆಟ್ಟಿಲೇರಬೇಕಾಯಿತು ಎಂಬುದೇ ಶಾಲೆಯ ಬಾಗಿಲು ಎಷ್ಟು ತೆರೆದಿದೆ ಎಂಬುದಕ್ಕೆ ಸಾಕ್ಷಿ.

ಅರ್ಹತೆ ನಿರ್ಧರಿಸುವ ರೀತಿಯಲ್ಲೂ ತೊಡಕಿದೆ. ‘ತೀವ್ರ’ ಎಂಬುದರ ವ್ಯಾಖ್ಯೆಯನ್ನು ಶಿಕ್ಷಣ ಹಕ್ಕು ಕಾಯ್ದೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಿಂದ ಎರವಲು ಪಡೆದಿದೆ. ಅಲ್ಲಿರುವುದು ಶೇ 80 ಅಥವಾ ಅದಕ್ಕಿಂತ ಹೆಚ್ಚು ಎಂಬ ವೈದ್ಯಕೀಯ ಮಾನದಂಡ. ಊರಿನ ಶಾಲೆ ಮಗುವಿಗೆ ಒಗ್ಗುತ್ತದೆಯೇ ಎಂಬುದನ್ನು ವೈದ್ಯಕೀಯ ಪ್ರಮಾಣಪತ್ರ ಅಳೆಯಲಾರದು. ಗಾಲಿಕುರ್ಚಿ, ವಾಹನ, ಒಬ್ಬ ಸಹಾಯಕಿ ಇದ್ದರೆ ತರಗತಿಯಲ್ಲಿ ಚೆನ್ನಾಗಿ ಕಲಿಯಬಲ್ಲ ಮಗು ಆ ಗೆರೆಯೊಳಗೆ ಬೀಳಬಹುದು; ಗದ್ದಲ ತಾಳಲಾರದೆ ತರಗತಿಯಲ್ಲಿ ದಿನವೂ ನರಳುವ ಆಟಿಸಂ ಇರುವ ಮಗು ಶೇಕಡಾವಾರು ಕಡಿಮೆ ಎಂಬ ಕಾರಣಕ್ಕೆ ಹೊರಗುಳಿಯಬಹುದು.

ಹಾಗಾದರೆ ಗೃಹಾಧಾರಿತ ಶಿಕ್ಷಣವನ್ನೇ ರದ್ದು ಮಾಡಬೇಕು ಎನ್ನುವವರಿದ್ದಾರೆ. 2007ರಲ್ಲಿ ಭಾರತ ಒಪ್ಪಿಕೊಂಡ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣವನ್ನು ಬಯಸುತ್ತದೆ. ಮನೆಯಲ್ಲಿ ಕೂರಿಸುವುದು ಮಗುವನ್ನು ಬೇರ್ಪಡಿಸುವುದೇ ಎಂಬುದು ಅವರ ವಾದ. ಇದರಲ್ಲಿ ಹುರುಳಿದೆ. ಗೆಳೆಯರಿಲ್ಲದ, ಜಗಳವಿಲ್ಲದ, ಬಿಸಿಯೂಟದ ಸಾಲಿಲ್ಲದ ಬಾಲ್ಯವನ್ನು ಯಾವ ಪಾಠವೂ ತುಂಬಿಕೊಡದು. ಆದರೆ ಪದೇ ಪದೇ ಅಪಸ್ಮಾರ ಬರುವ, ಆಸರೆಯಿಲ್ಲದೆ ಕೂರಲಾಗದ, ನಳಿಕೆಯಲ್ಲಿ ಆಹಾರ ಪಡೆಯುವ ಮಕ್ಕಳಿದ್ದಾರೆ. ಮಲೆನಾಡಿನ ಒಂಟಿಮನೆಯಿಂದ ಮಳೆಗಾಲದಲ್ಲಿ ಹಳ್ಳ ದಾಟಿಸಿ ಅವರನ್ನು ಹೊತ್ತು ತರುವುದು ಆಗಿಹೋಗುವ ಮಾತಲ್ಲ. ಈ ಯೋಜನೆ ನಿಂತರೆ ಮರುದಿನ ಅವರು ಶಾಲೆಗೆ ಬರುವುದಿಲ್ಲ. ಬರುತ್ತಿದ್ದ ಒಬ್ಬ ಶಿಕ್ಷಕಿಯೂ ನಿಲ್ಲುತ್ತಾರೆ, ಅಷ್ಟೇ. ಆದ್ದರಿಂದ ಯೋಜನೆ ಇರಲಿ, ಆದರೆ ಅವಧಿ ಗೊತ್ತುಮಾಡಿ ಇರಲಿ. ಮಗುವಿಗೊಂದು ಲಿಖಿತ ಕಲಿಕಾ ಯೋಜನೆ, ವಾರದ ಕನಿಷ್ಠ ಗಂಟೆ, ಆರು ತಿಂಗಳಿಗೊಮ್ಮೆ ಶಿಕ್ಷಕರು, ಚಿಕಿತ್ಸಕರು, ಪೋಷಕರು ಒಟ್ಟಿಗೆ ಕೂತು ‘ಈಗ ಶಾಲೆಗೆ ಹೋಗಬಹುದೇ, ವಾರಕ್ಕೊಂದು ದಿನವಾದರೂ?’ ಎಂದು ಕೇಳಿಕೊಳ್ಳುವ ಕಡ್ಡಾಯ ಪದ್ಧತಿ ಬೇಕು. ಈ ಪ್ರಶ್ನೆ ಏಳದ ಕಡೆ ಆರನೇ ವಯಸ್ಸಿನಲ್ಲಿ ಮಾಡಿದ ತೀರ್ಮಾನವೇ ಹದಿನೆಂಟರವರೆಗೂ ಉಳಿದುಬಿಡುತ್ತದೆ.

ಮನೆಯವರಿಗೆ ತರಬೇತಿ ಕೊಟ್ಟರೆ ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. ಅರವತ್ತರ ದಶಕದಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಶ್ರವಣದೋಷವಿರುವ ಪುಟ್ಟ ಮಕ್ಕಳ ಭಾಷಾ ಕಲಿಕೆಯಲ್ಲಿ ಪೋಷಕರನ್ನೇ ಪಾಲುದಾರರನ್ನಾಗಿ ಮಾಡಿಕೊಂಡಿದೆ. ತಾಯಿ ಕಲಿತರೆ ಮಗು ದಿನವಿಡೀ ಕಲಿಯುತ್ತದೆ ಎಂಬುದು ನಿಜ. ಆದರೆ ಅಲ್ಲಿ ತಾಯಿಯ ಬೆನ್ನಿಗೆ ತಜ್ಞರ ಪಡೆಯೇ ಇರುತ್ತದೆ. ತಾಲ್ಲೂಕಿನ ಮನೆಯೊಂದರಲ್ಲಿ ಅವಳು ಒಬ್ಬಳೇ. ಕೂಲಿ ಬಿಟ್ಟು ಮಗುವಿನ ಬಳಿ ಕೂತ ಹೆಂಗಸಿನ ದುಡಿಮೆ ಯಾವ ಬಜೆಟ್ಟಿನಲ್ಲೂ ಕಾಣುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ, ವಿಶೇಷ ಶಿಕ್ಷಕರ ವೇತನದ ನೆರವು ಬಿಟ್ಟು, ವರ್ಷಕ್ಕೆ ನಿಗದಿಯಾಗಿದ್ದ ಮೊತ್ತ ₹3,500. ದಿನಕ್ಕೆ ಹತ್ತು ರೂಪಾಯಿಗೂ ಕಡಿಮೆ. ಖರ್ಚು ಹೆಚ್ಚುತ್ತದೆ ಎಂದು ಗೊಣಗುವ ಮೊದಲು ಇಷ್ಟು ದಿನ ಖರ್ಚಾದದ್ದು ಯಾರ ದುಡಿಮೆ ಎಂದು ನೋಡುವುದು ಒಳಿತು.

ನಗರಗಳಲ್ಲಿ ಶಾಲೆಯ ಅನುಭವದಿಂದ ಬೇಸತ್ತು ತಾವಾಗಿಯೇ ಮನೆಪಾಠಕ್ಕೆ ಹೊರಳಿದ ಕುಟುಂಬಗಳ ಸಂಗತಿ ತುಸು ಬೇರೆ. ಅವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಒಂದು ದಾರಿ: 14 ತುಂಬಿದವರು ಹತ್ತನೇ ತರಗತಿ ಪರೀಕ್ಷೆಗೆ ನೋಂದಾಯಿಸಬಹುದು, ಐದು ವರ್ಷದಲ್ಲಿ ಒಂದೊಂದೇ ವಿಷಯ ಮುಗಿಸಬಹುದು. ಹಣ, ಸಮಯ, ಇಂಟರ್ನೆಟ್ ಇದ್ದವರಿಗೆ ಇದು ನಡೆಯುತ್ತದೆ. ಈ ಉದಾಹರಣೆ ತೋರಿಸಿ ‘ಮನೆಯಲ್ಲೇ ಆಗುತ್ತದಲ್ಲ’ ಎನ್ನುವುದು ಮಾತ್ರ ಕೂಲಿಯವರ ಮಗುವಿಗೆ ಅನ್ಯಾಯ.

ಮನೆಯಲ್ಲಿ ಕಲಿಯುವ ಮಕ್ಕಳನ್ನು ಉಳಿದವರಿಗೆ ಸಮಾನವಾಗಿ ಕಾಣಬೇಕು, ಈ ವ್ಯವಸ್ಥೆಯ ಪರಿಣಾಮವನ್ನು ಆಡಿಟ್ ಮಾಡಬೇಕು ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ. ಆ ಆಡಿಟ್ ಭೇಟಿಗಳ ಸಂಖ್ಯೆ ಎಣಿಸಿ ಮುಗಿಯಬಾರದು. ತಾನೇ ಉಣ್ಣಲು ಕಲಿತವರು, ಬೇಕುಬೇಡಗಳನ್ನು ಸನ್ನೆಯಲ್ಲಾದರೂ ಹೇಳಬಲ್ಲವರು, ಮನೆಯಿಂದ ಶಾಲೆಗೆ ದಾಟಿದವರು ಎಷ್ಟು ಜನ ಎಂಬುದು ಪ್ರತಿ ಕ್ಷೇತ್ರ ಸಂಪನ್ಮೂಲ ಕೇಂದ್ರದ ವಾರ್ಷಿಕ ಲೆಕ್ಕದಲ್ಲಿ ಬರಬೇಕು. ಆ ಲೆಕ್ಕ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಪೋಷಕರ ಕೈಗೂ ಸಿಗಬೇಕು.