ಮೂರು ಮಿಲಿಮೀಟರಿನ ಅಂತರ

ಮುಂಗಾರಿಗೆ ಮುನ್ನ, ಏಪ್ರಿಲ್ ಮೇ ತಿಂಗಳುಗಳಲ್ಲಿ ಮಲೆನಾಡಿನ ಮೇಲೆ ಎರಗುವ ಸಿಡಿಲು ತೆಂಗಿನ ಮರಗಳನ್ನಷ್ಟೇ ಸುಡುವುದಿಲ್ಲ. ವಿದ್ಯುತ್ ಮತ್ತು ದೂರವಾಣಿ ತಂತಿಗಳ ಮೂಲಕ ಮನೆಯೊಳಗೆ ನುಗ್ಗಿ ಗಣಕಯಂತ್ರಗಳನ್ನೂ ಬಲಿ ತೆಗೆದುಕೊಳ್ಳುತ್ತದೆ. ಅಂತಹ ಯಂತ್ರವನ್ನು ಪೇಟೆಗೆ ಒಯ್ದರೆ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: ‘ಇದು ಹೋಯಿತು, ಹೊಸದು ತೆಗೆದುಕೊಳ್ಳಿ.’ ಹೋದದ್ದು ನಿಖರವಾಗಿ ಯಾವುದು ಎಂದು ಕೇಳುವ ರೂಢಿ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಮದರ್‌ಬೋರ್ಡ್ ಸತ್ತರೂ ಪ್ರೊಸೆಸರ್, ಮೆಮೊರಿ, ಹಾರ್ಡ್ ಡಿಸ್ಕ್ ಬದುಕಿರುವುದುಂಟು. ಪ್ರೊಸೆಸರಿನ ಮೇಲೆ ಕುಳಿತು ಅದರ ಶಾಖವನ್ನು ಹೊರಹಾಕುವ ಕೂಲರ್ ಅಂತೂ ಅಲ್ಯೂಮಿನಿಯಂ ಗಟ್ಟಿ ಮತ್ತು ಒಂದು ಫ್ಯಾನ್. ಅದು ಅಷ್ಟು ಸುಲಭವಾಗಿ ಸಾಯುವ ವಸ್ತುವಲ್ಲ.

2024ರ ಮೇ ತಿಂಗಳಿನಲ್ಲಿ ನಮ್ಮ ಬಳಗದ ಕಚೇರಿಯ ಯಂತ್ರಕ್ಕೂ ಇದೇ ಗತಿಯಾಯಿತು. ಸುತ್ತಲಿನ ಹಳ್ಳಿಗಳ ಮಳೆಯ ದಾಖಲೆ, ಅಡಿಕೆಗೆ ಕೊಳೆರೋಗ ಕಾಣಿಸಿಕೊಂಡ ದಿನಾಂಕಗಳು, ಈ ಪತ್ರಿಕೆಯ ಹಳೆಯ ಸಂಚಿಕೆಗಳು ಎಲ್ಲವೂ ಅದರಲ್ಲಿದ್ದವು. ಹೊಸ ಯಂತ್ರದ ಬೆಲೆ ನಮ್ಮ ಒಂದು ವರ್ಷದ ಮುದ್ರಣ ವೆಚ್ಚವನ್ನು ಮೀರುತ್ತಿತ್ತು. ಪರೀಕ್ಷಿಸಿದಾಗ ಸುಟ್ಟದ್ದು ಮದರ್‌ಬೋರ್ಡ್ ಮಾತ್ರ. ಅದೇ ಎಎಂ4 ಸಾಕೆಟ್ಟಿನ, ಒಮ್ಮೆ ಬಳಸಿದ ಬೋರ್ಡೊಂದನ್ನು ತರಿಸಿ, ಇಬ್ಬರು ಕಾಲೇಜು ವಿದ್ಯಾರ್ಥಿಗಳು ಎರಡು ಸಂಜೆ ಕುಳಿತು ಯಂತ್ರವನ್ನು ಮರಳಿ ಕಟ್ಟಿದರು. ಕೆಲಸ ಕಠಿಣವಲ್ಲ. ಆದರೆ ಕೆಲವೆಡೆ ಅವಸರಿಸಿದರೆ ಉಳಿದ ಒಳ್ಳೆಯ ಭಾಗವೂ ಹಾಳಾಗುತ್ತದೆಯಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ.

ಕಸಿ ಕಟ್ಟಿದವರಿಗೆ ಇದರ ತತ್ತ್ವ ತಿಳಿದೇ ಇದೆ. ಬುಡದ ಗಿಡಕ್ಕೂ ಕುಡಿಗೂ ನಡುವೆ ಗಾಳಿ ಉಳಿದರೆ ಕಸಿ ಹಿಡಿಯದು. ಪ್ರೊಸೆಸರಿನ ಲೋಹದ ಮುಚ್ಚಳವೂ ಕೂಲರಿನ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮ ಏರುತಗ್ಗುಗಳಿಂದ ಕೂಡಿರುತ್ತವೆ. ಆ ತಗ್ಗುಗಳಲ್ಲಿ ನಿಲ್ಲುವ ಗಾಳಿಯು ಶಾಖವನ್ನು ಸಾಗಿಸುವುದರಲ್ಲಿ ಅಲ್ಯೂಮಿನಿಯಂಗಿಂತ ಸಾವಿರಾರು ಪಟ್ಟು ಹಿಂದು. ಅದನ್ನು ಹೊರದೂಡಲೆಂದೇ ನಡುವೆ ಥರ್ಮಲ್ ಪೇಸ್ಟ್ ಹಚ್ಚುವುದು. ವರ್ಷಗಳ ಮೇಲೆ ಈ ಪೇಸ್ಟ್ ಒಣಗಿ ಅಂಟಿನಂತಾಗುತ್ತದೆ. ಎಎಂ4 ಪ್ರೊಸೆಸರಿನ ಅಡಿಯಲ್ಲಿ 1331 ಸೂಜಿಕಾಲುಗಳಿವೆ. ಕೂಲರನ್ನು ನೇರ ಮೇಲಕ್ಕೆ ಎಳೆದರೆ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಅದರೊಂದಿಗೇ ಬರಬಹುದು, ಸೂಜಿಗಳು ಬಾಗಬಹುದು. ನಡೆಯುವ ಯಂತ್ರವಾದರೆ ಹತ್ತು ನಿಮಿಷ ಚಾಲೂ ಇಟ್ಟು, ಆರಿಸಿ, ವಿದ್ಯುತ್ ತಂತಿ ಕಳಚಿದ ಮೇಲೆ ಬಿಚ್ಚಬಹುದು. ಸತ್ತ ಬೋರ್ಡಿಗೆ ಆ ಉಪಾಯವಿಲ್ಲ. ಕೂದಲು ಒಣಗಿಸುವ ಡ್ರೈಯರಿನ ಬಿಸಿಗಾಳಿ ಹಾಯಿಸಿ, ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಚಿ, ಜಾರತೊಡಗಿದ ಮೇಲಷ್ಟೇ ಎತ್ತಬೇಕು. ತಿರುಪು ಬಿಚ್ಚುವಾಗ ಬೋರ್ಡಿನ ಹಿಂಬದಿಯ ಲೋಹದ ಪಟ್ಟಿ ಕಳಚಿ ಬೀಳುತ್ತದೆ, ಕೈ ಆನಿಸಿ ಹಿಡಿದಿರಿ.

ಎರಡೂ ಮೈಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ, ಚಿಕ್ಕ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟರೆ ಸಾಕು. ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ನಂಬಿಕೆ ಗೊಬ್ಬರದ ವಿಷಯದಲ್ಲಿ ಎಷ್ಟು ತಪ್ಪೋ ಇಲ್ಲಿಯೂ ಅಷ್ಟೇ ತಪ್ಪು. ನಾಲ್ಕು ತಿರುಪುಗಳನ್ನು ಮೂಲೆಯಿಂದ ಎದುರು ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು.

ಮೊದಲ ಸಂಜೆ ಯಂತ್ರ ಏಳಲಿಲ್ಲ. ಫ್ಯಾನ್ ತಿರುಗಿತು, ಪರದೆ ಕಪ್ಪಾಗಿಯೇ ಉಳಿಯಿತು. ಇಂತಹ ಹೊತ್ತಿನಲ್ಲಿ ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಕಾರಣ ಎಂದಿಗೂ ಸಿಗದು. ಗಿಡದ ರೋಗವನ್ನು ಗುರುತಿಸುವಂತೆ ಒಂದೊಂದನ್ನೇ ತಳ್ಳಿಹಾಕುತ್ತ ಹೋಗಬೇಕು. ಪ್ರೊಸೆಸರಿಗೆಂದೇ ಇರುವ ಪ್ರತ್ಯೇಕ ವಿದ್ಯುತ್ ಕನೆಕ್ಟರ್ ಕುಳಿತಿತ್ತು. ಮೆಮೊರಿ ಪಟ್ಟಿಗಳನ್ನು ತೆಗೆದು ಒಂದೊಂದೇ ಹಾಕಿ ನೋಡಿದ್ದಾಯಿತು. ಪರದೆಯ ಕೇಬಲ್ ಸರಿಯಾದ ಕಿಂಡಿಯಲ್ಲಿತ್ತು. ಗುಂಡಿ ಬ್ಯಾಟರಿಯನ್ನು ತೆಗೆದು ಮರಳಿ ಕೂರಿಸಿದ್ದೂ ಫಲಿಸಲಿಲ್ಲ. ಉಳಿದದ್ದು ಬೋರ್ಡಿನೊಳಗಿನ ಮೂಲ ತಂತ್ರಾಂಶ, ಬಯೋಸ್. ಸಾಕೆಟ್ ಒಂದೇ ಆದರೂ ಆ ಬಯೋಸ್ ನಮ್ಮ ಪ್ರೊಸೆಸರಿಗಿಂತ ಹಳೆಯದು. ಅದಕ್ಕೆ ಇದರ ಗುರುತೇ ಇರಲಿಲ್ಲ. ಪರಿಚಿತರೊಬ್ಬರಿಂದ ಹಳೆಯ ಪ್ರೊಸೆಸರ್ ಎರವಲು ತಂದು, ಅದರ ಮೂಲಕ ಬಯೋಸ್ ನವೀಕರಿಸಿ, ನಮ್ಮದನ್ನು ಮತ್ತೆ ಕೂರಿಸಿದಾಗ ಪರದೆ ಬೆಳಗಿತು. ಪ್ರತಿ ಸಲ ಕೂಲರ್ ಎತ್ತಿದಾಗಲೂ ಪೇಸ್ಟ್ ಒರೆಸಿ ಹೊಸದಾಗಿ ಹಚ್ಚಲೇಬೇಕು. ನವೀಕರಣದ ನಡುವೆ ಕರೆಂಟ್ ಹೋದರೆ ಬೋರ್ಡ್ ಮತ್ತೆ ಏಳದಿರಬಹುದು. ನಮ್ಮೂರುಗಳಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಪರದೆ ಬೆಳಗಿದೊಡನೆ ಪೆಟ್ಟಿಗೆ ಮುಚ್ಚುವುದೂ ತರವಲ್ಲ. ಬಯೋಸಿನ ಪುಟದಲ್ಲಿಯೇ ಪ್ರೊಸೆಸರಿನ ಉಷ್ಣಾಂಶ ಕಾಣುತ್ತದೆ. 40–50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಂತರೆ ನೆಮ್ಮದಿ. ಒಂದೆರಡು ನಿಮಿಷಗಳಲ್ಲಿ 90ರತ್ತ ಏರಿದರೆ ತಕ್ಷಣ ಆರಿಸಿ, ಕೂಲರ್ ಓರೆಯಾಗಿ ಕುಳಿತಿದೆಯೇ, ಹೊಸ ಕೂಲರಾಗಿದ್ದರೆ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದೀರೇ ನೋಡಿ. ಹಾಕಿದ ಮೆಮೊರಿಯಲ್ಲಿ ಅರ್ಧವೇ ಕಂಡರೂ ಕೆಲವೊಮ್ಮೆ ಕಾರಣ ಕೂಲರೇ: ಒಂದೇ ಬದಿಗೆ ಅತಿಯಾಗಿ ಬಿಗಿದರೆ ಸಾಕೆಟ್ಟಿನ ಸಂಪರ್ಕ ಸಡಿಲಗೊಳ್ಳುತ್ತದೆ.

ಇಷ್ಟೆಲ್ಲ ಸಾಧ್ಯವಾದದ್ದು ಹೊಸ ಬೋರ್ಡಿನಲ್ಲಿಯೂ ಹಳೆಯ ತೂತುಗಳೇ ಇದ್ದುದರಿಂದ. ಎಲ್ಲ ಕಡೆ ಹೀಗಿಲ್ಲ. ಇಂಟೆಲ್ ಕಂಪನಿಯ ಸಾಮಾನ್ಯ ಬೋರ್ಡುಗಳಲ್ಲಿ 2009ರ ಎಲ್‌ಜಿಎ 1156 ಸಾಕೆಟ್ಟಿನಿಂದ 2020ರ ಎಲ್‌ಜಿಎ 1200ರವರೆಗೆ ಕೂಲರಿನ ತೂತುಗಳ ನಡುವಿನ ಅಂತರ 75 ಮಿಲಿಮೀಟರ್. 2021ರ ಎಲ್‌ಜಿಎ 1700ರಲ್ಲಿ ಅದು 78 ಆಯಿತು. ಪ್ರೊಸೆಸರಿನ ಗಾತ್ರ ಹೆಚ್ಚಿತ್ತು ನಿಜ; ಬದಲಾವಣೆಗೆ ಕಾರಣವೇ ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಹತ್ತು ವರ್ಷ ಕೆಲಸ ಮಾಡಿದ, ಇನ್ನೂ ಹತ್ತು ವರ್ಷ ಮಾಡಬಲ್ಲ ಲೋಹದ ಗಟ್ಟಿ ಮೂರು ಮಿಲಿಮೀಟರಿಗಾಗಿ ಕಸವಾಗಬೇಕೆ? ಕೆಲವು ಗ್ರಾಂ ತೂಕದ ಬೇರೊಂದು ಬ್ರಾಕೆಟ್ ಇದ್ದರೆ ಅದೇ ಕೂಲರ್ ಹೊಸ ಬೋರ್ಡಿಗೂ ಹೊಂದುತ್ತದೆ. ಆಸ್ಟ್ರಿಯಾದ ನಾಕ್ಚುವಾ ಕಂಪನಿ ತನ್ನ ಹಳೆಯ ಗ್ರಾಹಕರಿಗೆ ಇಂತಹ ಬ್ರಾಕೆಟ್ಟುಗಳನ್ನು ಉಚಿತವಾಗಿಯೇ ಒದಗಿಸಿತು. ಎಎಂಡಿ ಕಂಪನಿ 2016ರ ಎಎಂ4 ಬಿಟ್ಟು 2022ರಲ್ಲಿ ಎಎಂ5 ತಂದಾಗ ತೂತುಗಳ ಅಂತರವನ್ನು ಉಳಿಸಿಕೊಂಡಿತು. ಹೆಚ್ಚಿನ ಹಳೆಯ ಕೂಲರುಗಳು ಅದಕ್ಕೆ ಹೊಂದಿದವು. ಮನಸ್ಸಿದ್ದರೆ ಸಾಧ್ಯವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಅದಿರಿನಿಂದ ಒಂದು ಕಿಲೋ ಅಲ್ಯೂಮಿನಿಯಂ ತೆಗೆಯಲು ಸುಮಾರು 14 ಯೂನಿಟ್ ವಿದ್ಯುತ್ ಬೇಕು. ಶರಾವತಿ, ಕಾಳಿ ಕೊಳ್ಳಗಳ ಮುಳುಗಡೆಯನ್ನು ಕಂಡ ನಮಗೆ ಯೂನಿಟ್ಟಿನ ಬೆಲೆ ಬಿಲ್ಲಿನಲ್ಲಿ ಬರೆದಷ್ಟೇ ಅಲ್ಲ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳ 2024ರ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟಿತು. ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಯಾದದ್ದು ಅದರ 22.3 ಶೇಕಡಾ. ನಮ್ಮಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಉತ್ಪಾದಕರ ಮೇಲೆ ಮರುಬಳಕೆಯ ಹೊಣೆ ಹೊರಿಸಿವೆ, ಸ್ವಾಗತಾರ್ಹ. ಆದರೆ ಆ ಲೆಕ್ಕ ತೂಕದ್ದು. ಒಡೆದು ಕರಗಿಸಿದ ಕೂಲರ್ ಲೆಕ್ಕಕ್ಕೆ ಸಿಗುತ್ತದೆ. ಹಳ್ಳಿಯ ಮನೆಯೊಂದರಲ್ಲಿ ಬ್ರಾಕೆಟ್ ಬದಲಿಸಿಕೊಂಡು ಮತ್ತೆ ತಿರುಗುವ ಕೂಲರ್ ಯಾರ ಲೆಕ್ಕಕ್ಕೂ ಸಿಗದು. ಹೊಸ ಸಾಕೆಟ್ ತರುವ ಕಂಪನಿಗಳು ಹಳೆಯ ಕೂಲರಿಗೆ ಹೊಂದುವ ಬ್ರಾಕೆಟ್ಟನ್ನು ಮಾರಲೇಬೇಕೆಂಬ ಒಂದು ಸಾಲು ಆ ನಿಯಮಗಳಲ್ಲಿ ಸೇರಬೇಕು.

ಬಳಗದ ಕಚೇರಿಯಲ್ಲಿ ಸದ್ಯಕ್ಕೆ ಒಂದು ತಗಡಿನ ಡಬ್ಬ ಇಟ್ಟಿದ್ದೇವೆ. ಸತ್ತ ಬೋರ್ಡುಗಳಿಂದ ಬಿಚ್ಚಿದ ತಿರುಪು, ಬ್ರಾಕೆಟ್, ಹಿಂಬದಿಯ ಪಟ್ಟಿಗಳನ್ನು ಗುಜರಿಗೆ ಹಾಕದೆ ಅದರಲ್ಲಿ ತಂದು ಹಾಕಿ. ಯಾವ ಸಾಕೆಟ್ಟಿನದೆಂದು ಒಂದು ಚೀಟಿಯನ್ನೂ ಕಟ್ಟಿರಿ.